ಅತ್ತಿಗೆ ಆಡದ ಮಾತು

ಸನ್ನದು ಕಳೆದುಕೊಂಡ ಹನ್ನೊಂದು ವರ್ಷವೂ ನನಗೆ ಒಂದೇ ಕನಸು ಬೀಳುತ್ತಿತ್ತು. ಶ್ರೀನಿವಾಸಪುರದ ಕೋರ್ಟು. ಕಿಟಕಿಯಾಚೆ ಮಾವು ಹೂಬಿಟ್ಟಿದೆ, ಅದರ ವಾಸನೆ ಫೈಲುಗಳ ಮೇಲೆಲ್ಲ ಬಂದು ಕೂತಿದೆ. ಜವಾನ ನನ್ನ ಕೇಸು ಕೂಗುತ್ತಾನೆ. ಎದ್ದು ನಿಲ್ಲುತ್ತೇನೆ, ಮೈಮೇಲೆ ಕರಿ ಕೋಟಿಲ್ಲ, ಅಡುಗೆಮನೆಯಲ್ಲಿ ಉಟ್ಟ ಸೀರೆ ಇದೆ. ಜಡ್ಜು ಬೈಯುವುದಿಲ್ಲ. ಯಾರೂ ನಗುವುದೂ ಇಲ್ಲ. ನಾನು ಯಾರ ಕಣ್ಣಿಗೂ ಬೀಳುತ್ತಿಲ್ಲ, ಅಷ್ಟೆ. ಗಂಟಲು ಹರಿಯುವ ಹಾಗೆ ವಾದ ಮಾಡುತ್ತೇನೆ, ಸ್ವರ ಹೊರಡುವುದಿಲ್ಲ. ಅಷ್ಟರಲ್ಲಿ ಎಚ್ಚರವಾದರೆ ಪಕ್ಕದ ಅಂಗಳದಲ್ಲಿ ಉಳಿಯ ಟಕಟಕ ಶುರುವಾಗಿರುತ್ತಿತ್ತು.

ಸನ್ನದು ಎಂದರೆ ವಕೀಲಿ ಮಾಡಲು ಪರಿಷತ್ತು ಕೊಡುವ ಪರವಾನಗಿ. ಅದನ್ನು ಕಿತ್ತುಕೊಂಡು, ವಕೀಲರ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದ ಮೇಲೆ ನಾನು ಶ್ರೀನಿವಾಸಪುರದ ಬಾಡಿಗೆ ಮನೆ ಬಿಟ್ಟು, ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ, ನಮ್ಮಕ್ಕನ ಮನೆಗೆ ಬಂದೆ. ಮದುವೆ ಮಾಡಿಕೊಂಡವಳಲ್ಲ ನಾನು. ‘ಇವಳಿಗೆ ತಾಳಿ ಕಟ್ಟಿದ್ದು ಆ ಕೋರ್ಟೇ’ ಎಂದು ಅಮ್ಮ ಬದುಕಿದ್ದಾಗ ಗೊಣಗುತ್ತಿದ್ದಳು. ಆ ಲೆಕ್ಕದಲ್ಲಿ ಗಂಡ ಓಡಿಸಿದ ಹೆಂಗಸಿನ ಹಾಗೆ ಒಂದು ಟ್ರಂಕು ಹಿಡಿದುಕೊಂಡು ಬಂದಿಳಿದೆ.

ಭಾವ ಶಿಲ್ಪಿ. ಆ ಬೀದಿಯಲ್ಲಿ ಎಲ್ಲರೂ ಶಿಲ್ಪಿಗಳೇ. ಅರ್ಧ ಕೆತ್ತಿದ ದೇವರುಗಳು ಮನೆ ಮುಂದೆ, ಚರಂಡಿ ಪಕ್ಕ, ಹುಣಸೆಮರದ ಕೆಳಗೆ ಮಲಗಿರುತ್ತವೆ. ಒಂದಕ್ಕೆ ಕೈ ಬಂದಿರುವುದಿಲ್ಲ, ಇನ್ನೊಂದಕ್ಕೆ ಮುಖ ಬಂದಿರುವುದಿಲ್ಲ. ಮಧ್ಯಾಹ್ನ ಕಲ್ಲಿನ ಧೂಳು ಬಿಸಿಲಲ್ಲಿ ಮೇಲೇಳುತ್ತಿತ್ತು, ಇಳಿಯುತ್ತಲೇ ಇರಲಿಲ್ಲ. ಆ ಧೂಳಿನಲ್ಲಿ ಕೂತು ನಾನು ದೇವಸ್ಥಾನಗಳಿಂದ ಬರುವ ಕಾಗದಗಳಿಗೆ ಉತ್ತರ ಬರೆಯುತ್ತಿದ್ದೆ: ‘ತಮ್ಮ ಐದಡಿ ಆಂಜನೇಯ ಸಿದ್ಧವಾಗಿದೆ, ಲಾರಿ ಕಳಿಸುವುದು.’ ಬರೆಯುತ್ತಾ ಬರೆಯುತ್ತಾ ತೂಕಡಿಸುತ್ತಿದ್ದೆ. ಎಚ್ಚರಕ್ಕೂ ನಿದ್ದೆಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಎಷ್ಟೋ ಸಲ ಯುಗಾದಿ ಬಂದು ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ.

ಒಂದು ದಿನ ನನ್ನ ಹಳೆಯ ಜೂನಿಯರ್ ಹುಡುಕಿಕೊಂಡು ಬಂದ. ಮುಳಬಾಗಿಲಿನ ಸಾಬರ ಹುಡುಗ ಎಂದು ನಾನು ಕರೆಯುತ್ತಿದ್ದವನ ಗಡ್ಡ ಈಗ ಅರ್ಧ ಬೆಳ್ಳಗಾಗಿತ್ತು, ಅವನಿಗೇ ಮೂವರು ಜೂನಿಯರ್‌ಗಳಿದ್ದರು. ಮುಖವಿಲ್ಲದ ಒಂದು ಗಣಪತಿಯ ಪಕ್ಕ ಕರ್ಚೀಪು ಹಾಸಿ ಕೂತ.

“ಅರೆ ಮೇಡಂ, ಎಷ್ಟ್ ದಿನ ಹಿಂಗೇ ಕೂತಿರ್ತೀರಾ? ಮತ್ತೆ ಸೇರಿಸ್ಕೊಳ್ಳಿ ಅಂತ ಅರ್ಜಿ ಹಾಕ್ಬೋದು. ನಾನೇ ನಡೆಸ್ತೀನಿ.”

“ಹನ್ನೊಂದು ವರ್ಷ ಆದ್ಮೇಲೆ ಯಾವ ಮುಖ ಇಟ್ಕೊಂಡು ಹೋಗ್ಲೋ?”

“ಇದೇ ಮುಖ ಸಾಕು. ದೂರು ಕೊಟ್ಟೋರು ‘ನಮ್ದೇನೂ ತಕರಾರಿಲ್ಲ’ ಅಂತ ಒಂದು ಕಾಗದ ಬರ್ಕೊಟ್ರೆ ಕೆಲ್ಸ ಸಲೀಸು. ಆಯಮ್ಮ ಈಗ ನಮ್ಮೂರಲ್ಲೇ ಇದಾರೆ. ಹೋಗಿ ಕೇಳಿ.”

ನನಗೆ ಕೋಪ ಬಂತು. ನಾನು ಹೋಗಿ ಅವಳ ಮುಂದೆ ಕೈಚಾಚಬೇಕೇ ಎಂದು ರೇಗಿದೆ. ಅವನು ನಗುತ್ತಾ ಕಾಫಿ ಕುಡಿದ. ನನ್ನ ಕೋಪದ ಆಯುಸ್ಸೆಷ್ಟು ಎಂದು ಅವನಿಗೆ ಗೊತ್ತಿತ್ತು. ಅವನು ಹೋದ ಮೇಲೆ ನಾನು ಟ್ರಂಕು ತೆಗೆದು ಕೋಟು ನೋಡಿದೆ, ಹುಳ ತಿಂದು ಜರಡಿಯಾಗಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ನನಗೆ ಅದು ಬೇಕಿತ್ತು. ಅನ್ನಕ್ಕಲ್ಲ, ಅನ್ನ ಅಕ್ಕ ಹಾಕುತ್ತಿದ್ದಳು. ಕನಸಿನಲ್ಲಿ ಹೊರಡದ ಆ ಸ್ವರ ಒಮ್ಮೆಯಾದರೂ ಹೊರಡಲಿ ಅಂತ.

ನಾನು ಮಾಡಿದ ತಪ್ಪೇನು ಎಂದು ಇಲ್ಲಿ ಹೇಳಿಬಿಡಬೇಕು. ಕೋರ್ಟಿನಲ್ಲಿ ಕಕ್ಷಿದಾರರು ಸಹಿ ಹಾಕಿದ ಪಕ್ಕದಲ್ಲಿ ವಕೀಲರು ‘ಇವರನ್ನು ನಾನು ಬಲ್ಲೆ’ ಎಂದು ಇನ್ನೊಂದು ಸಹಿ ಹಾಕಬೇಕು. ಸಣ್ಣ ಊರಿನಲ್ಲಿ ಇದು ಬಲು ಇಕ್ಕಟ್ಟಿನ ಕೆಲಸ. ಗೊತ್ತಿಲ್ಲ ಎಂದರೆ ‘ನಮ್ಮನ್ನೇ ಗೊತ್ತಿಲ್ಲ ಅಂತೀರಾ’ ಎಂದು ಮುನಿಸು. ಆದ್ದರಿಂದ ಎಲ್ಲರೂ ಎಲ್ಲರನ್ನೂ ಬಲ್ಲೆವು.

ಯಲ್ದೂರಿನ ಕಡೆ ಒಂದು ಮನೆ. ಅಣ್ಣ, ತಂಗಿ ಇಬ್ಬರೇ ಮಕ್ಕಳು. ಅಪ್ಪ ಬಿಟ್ಟುಹೋದ ಮಾವಿನ ತೋಟ. ತಂಗಿಯನ್ನು ಗಡಿಯಾಚೆ ಆಂಧ್ರದ ಹಳ್ಳಿಗೆ ಕೊಟ್ಟಿದ್ದರು. ಅಣ್ಣ ನನ್ನ ಕಕ್ಷಿದಾರ. ಬೇಸಿಗೆ ಬಂದರೆ ಒಂದು ಬುಟ್ಟಿ ಬಾದಾಮಿ ಮಾವಿನ ಹಣ್ಣು ತಂದು ನಮ್ಮ ಬಾಗಿಲಲ್ಲಿಟ್ಟು ಹೋಗುತ್ತಿದ್ದ. ತಂಗಿ ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ಇಸಿದುಕೊಂಡು ತನ್ನ ಪಾಲು ಬಿಟ್ಟುಕೊಡುತ್ತಾಳೆ ಎಂದು ರಾಜಿ ಬರೆಸಿದ. ನಮ್ಮ ಕಡೆ ಹೆಣ್ಣುಮಕ್ಕಳ ಪಾಲು ಹೀಗೆಯೇ ಕರಗುವುದು. ರಾಜಿಗಳನ್ನೆಲ್ಲ ಒಟ್ಟಿಗೆ ಮುಗಿಸುವ ಅದಾಲತ್ತಿನ ದಿನ, ಜಾತ್ರೆಯಂಥ ಜನ. ಅಣ್ಣ ಒಬ್ಬ ಹೆಂಗಸನ್ನು ಕರೆತಂದ. ತಲೆ ಬಗ್ಗಿಸಿದ್ದಳು, ಸೆರಗು ಹಣೆಯವರೆಗೆ ಬಂದಿತ್ತು.

“ನಮ್ಮ ಚಿಕ್ಕದು. ಗುರ್ತು ಸಿಗ್ಲಿಲ್ವೇನಮ್ಮಾ? ಮದ್ವೇಲಿ ಊಟ ಮಾಡಿದ್ರಲ್ಲ!”

ಊಟ ಮಾಡಿದ್ದು ನಿಜ. ಹೋಳಿಗೆ ಚೆನ್ನಾಗಿ ನೆನಪಿತ್ತು. ಮದುಮಗಳ ಮುಖ ಬಾಸಿಂಗ, ಹೂವುಗಳ ಹಿಂದೆ ಎಲ್ಲೋ ಇತ್ತು. ಉಂಡ ಮನೆಯ ಮಗಳನ್ನು ಗೊತ್ತಿಲ್ಲ ಅನ್ನುವುದು ಹೇಗೆ? “ಸಿಗದೆ ಏನು!” ಎಂದು ಸಹಿ ಹಾಕಿದೆ.

ಇಲ್ಲಿಯವರೆಗಿನದು ತಪ್ಪು. ಮುಂದಿನದು ತಪ್ಪಲ್ಲ, ಬೇರೆ ಏನೋ.

ಜಡ್ಜು ಅವಳನ್ನು ಕೇಳಿದರು. “ಏನಮ್ಮಾ, ಇವರು ನಿಮಗೇನಾಗ್ಬೇಕು?”

ಅವಳು ನೆಲ ನೋಡಿದಳು.

“ಹೆದರ್ಕೋಬೇಡಿ. ಇವರ ಹೆಸರು ಹೇಳಿ, ಸಾಕು.”

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ತುಟಿ ಬಿಚ್ಚಲಿಲ್ಲ. ನನಗೆ ನಮ್ಮಮ್ಮ ನೆನಪಾದಳು. ನಾನು ಚಿಕ್ಕವಳಿದ್ದಾಗ ಮುಳಬಾಗಿಲಿನಲ್ಲಿ ರೇಷನ್ ಅಂಗಡಿಯವನು ಯಜಮಾನರ ಹೆಸರು ಕೇಳಿದರೆ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದಳು; ಸಾಯುವವರೆಗೂ ಅಪ್ಪನ ಹೆಸರನ್ನು ಬಾಯಲ್ಲಿ ಆಡಲಿಲ್ಲ. ತಂಗಿಯಾದವಳು ಅಣ್ಣನ ಹೆಸರನ್ನು ಪಟಪಟ ಹೇಳುತ್ತಾಳೆ, ಬೈದುಕೊಂಡಾದರೂ ಹೇಳುತ್ತಾಳೆ. ಹೆಸರೂ ಹೇಳದೆ, ಅಣ್ಣ ಅಂತಲೂ ಅನ್ನದೆ ನಿಂತವಳು ಯಾರು ಎಂದು ನನಗೆ ಆ ಕ್ಷಣದಲ್ಲಿ ತಿಳಿಯಿತು. ಆಕೆ ಅವನ ಹೆಂಡತಿ. ಕಟ್ಟಿಕೊಂಡ ಗಂಡನನ್ನು ಅಣ್ಣ ಎನ್ನಲು ಯಾವ ಹೆಂಗಸಿನ ನಾಲಗೆ ಏಳುತ್ತದೆ?

ನನ್ನ ಸಹಿ ಆಗಲೇ ಕಾಗದದ ಮೇಲಿತ್ತು. ಹಿಂದೆ ನೂರು ಜನ ಕಾಯುತ್ತಿದ್ದರು. ನಾನು ಬಾಯಿ ತೆರೆದೆ. “ಅಣ್ಣ ಆಗ್ಬೇಕು ಸ್ವಾಮಿ. ಆಯಮ್ಮ ಕೋರ್ಟು ಕಂಡೋರಲ್ಲ, ಹೆದರಿದ್ದಾರೆ.” ಅವನ ಹೆಸರನ್ನೂ ನಾನೇ ಹೇಳಿದೆ. ಜಡ್ಜು ಬರೆಸಿದರು: ‘ಎರಡನೇ ಪಾರ್ಟಿ ಹಾಜರಿದ್ದು, ಒಂದನೇ ಪಾರ್ಟಿ ತನ್ನ ಅಣ್ಣನೆಂದು ತಿಳಿಸಿರುತ್ತಾರೆ.’ ಕೋರ್ಟಿನ ರೂಢಿ ಅದು. ಯಾರ ಬಾಯಿಂದ ಬಂದರೂ ಕಾಗದದಲ್ಲಿ ಅದು ಕಕ್ಷಿದಾರರ ಮಾತೇ. ಆಕೆ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಉಪಕಾರ ನೆನೆಯುವ ಭಾವವಿತ್ತು. ಆ ಮಾತನ್ನು ಆಡುವ ಪಾಪದಿಂದ ನಾನು ಅವಳನ್ನು ಪಾರುಮಾಡಿದ್ದೆ.

ಆ ದಿನ ನಿಜವಾದ ತಂಗಿ ಗಡಿಯಾಚೆಯ ಆಸ್ಪತ್ರೆಯಲ್ಲಿ ಹೆರಿಗೆಗೆ ಮಲಗಿದ್ದಳು. ಆಮೇಲೆ ಎಲ್ಲ ಹೊರಬಿತ್ತು. ರಾಜಿ ರದ್ದಾಯಿತು, ಅವಳಿಗೆ ತೋಟದಲ್ಲಿ ಪಾಲು ಸಿಕ್ಕಿತು. ನನ್ನ ಮೇಲೆ ವಕೀಲರ ಪರಿಷತ್ತಿಗೆ ದೂರು ಕೊಟ್ಟಳು. ವಿಚಾರಣೆಯಲ್ಲಿ ‘ನಾನೂ ಮೋಸಹೋದೆ, ಗುರುತು ತಪ್ಪಿತು’ ಎಂದೆ. ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಒಂದೆರಡು ವರ್ಷದ ಅಮಾನತ್ತಿನಲ್ಲಿ ಮುಗಿಯುತ್ತಿತ್ತೇನೋ. ಮನಸ್ಸಿನಲ್ಲಿ ಮುಳ್ಳಿತ್ತಲ್ಲ, ಕೇಳಿದ ಪ್ರಶ್ನೆಗೆಲ್ಲ ಸಿಡಿದೆ. “ನೀವು ಸಹಿ ಹಾಕೋ ಮುಂಚೆ ಎಲ್ಲರ ಜಾತಕ ತರಿಸಿ ನೋಡ್ತೀರೇನು?” ಎಂದು ಸಮಿತಿಯವರನ್ನೇ ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಹೆಸರು ಹೊಡೆದುಹಾಕಿದರು.

ಕೋಪ ಇಳಿದ ಮೇಲೆ ನಾನು ಮುಳಬಾಗಿಲಿಗೆ ಹೋದೆ. ಆ ತಂಗಿಯ ಮನೆ ಬೆಟ್ಟದ ಬುಡದ ಓಣಿಯಲ್ಲಿತ್ತು. ಗಂಡನಿಗೆ ಈ ಊರಲ್ಲಿ ಕೆಲಸವಾಗಿ ಇಲ್ಲೇ ನೆಲೆಸಿದ್ದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಸುತ್ತ ರವಿಕೆ ತುಂಡುಗಳು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಕತ್ತರಿ ಕೆಳಗಿಟ್ಟಳು.

“ಬನ್ನಿ ಲಾಯರಮ್ಮ.”

ಹನ್ನೊಂದು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಕಣ್ಣು ತುಂಬಿತು. ಕಾಫಿ ಮಾಡಿಕೊಂಡು ಬಂದಳು. ನಾನು ಬಂದ ವಿಷಯ ಹೇಳುವುದಕ್ಕೆ ಒದ್ದಾಡಬೇಕಾಗಲಿಲ್ಲ, ಜೂನಿಯರ್ ಫೋನು ಮಾಡಿದ್ದನಂತೆ.

“ನಿಮ್ಮೇಲೆ ಸಿಟ್ಟಿತ್ತಮ್ಮ, ಸುಳ್ಳು ಯಾಕೆ ಹೇಳ್ಲಿ,” ಎಂದಳು. “ಆಮೇಲೆ ಅನ್ಕೊಂಡೆ, ಪಾಪಂ, ನಿಮ್ಗೂ ಮೋಸಾನೇ ಆಯ್ತಲ್ಲ ಅಂತ. ನಮ್ಮಣ್ಣ ಆಸೆಬುರುಕ, ಚಿಕ್ಕೋನಿಂದ ಹಂಗೇ, ಬಿಡಿ. ನಂಗೆ ಹೊಟ್ಟೆ ಉರಿದಿದ್ದು ಅತ್ತಿಗೆ ಮೇಲೆ.”

ತಾಯಿ ಇಲ್ಲದ ಅವಳನ್ನು ಬೆಳೆಸಿದವಳು ಆ ಅತ್ತಿಗೆಯೇ ಅಂತೆ. ತಲೆ ಬಾಚಿದ್ದು, ಹೊಲಿಗೆ ಕಲಿಸಿದ್ದು, ಮೊದಲ ಸಲ ಹೊರಗೆ ಕೂತಾಗ ಪಕ್ಕದಲ್ಲಿ ಮಲಗಿದ್ದು ಎಲ್ಲ ಆಕೆ. ಮದುವೆಯಾಗಿ ಹೋಗುವಾಗ ಅಣ್ಣನಿಗಿಂತ ಹೆಚ್ಚು ಅತ್ತವಳೂ ಆಕೆ.

“ಅಂಥೋಳು ಜಡ್ಜ್ ಮುಂದೆ ನಿಂತು ಕಟ್ಕೊಂಡ್ ಗಂಡನ್ನ ಅಣ್ಣ ಅಂದ್ಲಲ್ಲಮ್ಮ! ನಾಲ್ಕು ಮಾವಿನ ಮರಕ್ಕೆ! ನಾನೇ ನಕಲು ತೆಗೆಸಿ ಓದ್ಸಿದೀನಿ, ಬರ್ದಿದೆ ಅದ್ರಲ್ಲಿ. ಸಹಿ ಹಾಕಿದ್ಲು, ಗಂಡ ಹೆದರ್ಸಿರ್ತಾನೆ, ಅದನ್ನ ಮರ್ತೇನು. ಆ ಮಾತು? ಅದನ್ನ ಅನ್ನೋ ನಾಲ್ಗೆ ಇರೋಳು ನಂಗೆ ತುತ್ತು ಇಟ್ಟಿದ್ದೂ ನಾಟಕಾನೇ ಅನ್ನಿಸ್ಬಿಡ್ತು. ಒಂದ್ಸಲ ಇಲ್ಲಿಗೆ ಬಂದ್ಲು, ಏನೋ ಹೇಳಕ್ಕೆ. ನಾನು ಬಾಗ್ಲು ಹಾಕ್ದೆ.”

ಕಾಫಿ ಲೋಟ ನನ್ನ ಕೈಯಲ್ಲಿತ್ತು. ಈಗ ಹೇಳಬೇಕು ಅನ್ನಿಸಿತು. ಅದು ಅವಳ ಮಾತಲ್ಲಮ್ಮಾ, ನನ್ನದು. ಇಷ್ಟೇ. ಅಷ್ಟರಲ್ಲಿ ಆಕೆ ಒಳಗಿಂದ ಬಿಳಿ ಹಾಳೆ ತಂದು ನನ್ನ ಮುಂದಿಟ್ಟು, “ನೀವೇ ಬರೀರಿ, ನಾನು ಸಹಿ ಹಾಕ್ತೀನಿ,” ಎಂದಳು. ನಾನು ಬರೆದೆ. ‘ವಕೀಲರೂ ಮೋಸಹೋದವರೆಂದು ನಂಬಿರುತ್ತೇನೆ, ಅವರು ಮರಳಿ ಸೇರಲು ನನ್ನ ತಕರಾರಿಲ್ಲ.’ ಆಕೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡೆ. ಆ ಹೊತ್ತಿನ ನನ್ನನ್ನು ನೆನೆದರೆ ಈಗಲೂ ನನಗೆ ಅಸಹ್ಯವಾಗುತ್ತದೆ.

ಕೋಲಾರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಹೆದ್ದಾರಿಯ ಗಾಳಿ ಬೆಚ್ಚಗಿತ್ತು. ಟೊಮೆಟೊ ತುಂಬಿದ ಲಾರಿಗಳು ಒಂದರ ಹಿಂದೊಂದು ಹಿಂದಕ್ಕೆ ಸರಿದವು, ಬಂಡೆಗಳು ಸರಿದವು, ಕೆರೆ ಸರಿಯಿತು. ಕಣ್ಣು ಮುಚ್ಚಿತೋ ಇಲ್ಲವೋ, ಅದೇ ಕೋರ್ಟು. ಈ ಸಲ ಜವಾನ ಕೂಗಿದ್ದು ನನ್ನ ಕೇಸಲ್ಲ. ಸೆರಗನ್ನು ಬೆರಳಿಗೆ ಸುತ್ತುತ್ತಾ ಆ ಹೆಂಗಸು ನಿಂತಿದ್ದಾಳೆ. ತುಟಿ ಮುಚ್ಚಿದೆ. ಆದರೆ ಎಲ್ಲೆಲ್ಲೂ ಸ್ವರ ಕೇಳುತ್ತಿದೆ, ಗೋಡೆಯಿಂದ, ಫ್ಯಾನಿನಿಂದ, ಮೇಜಿನಿಂದ: ಅಣ್ಣ, ಅಣ್ಣ, ಅಣ್ಣ. ಅದು ನನ್ನ ಸ್ವರ. ಕಂಡಕ್ಟರು ಭುಜ ತಟ್ಟಿ “ಕೋಲಾರ ಬಂತಮ್ಮ, ಇಳೀರಿ” ಎಂದ.

ನನ್ನ ಅರ್ಜಿಯ ವಿಚಾರಣೆಗೆ ಬೆಂಗಳೂರಿನಿಂದ ಪರಿಷತ್ತಿನ ಮೂವರು ಸದಸ್ಯರು ಬಂದು ಕೋಲಾರದಲ್ಲೇ ಕೂತರು. ಒಂದು ಉದ್ದನೆಯ ಕೋಣೆ, ಬೀರುಗಳಲ್ಲಿ ಹಳೆಯ ಕಾನೂನು ಪುಸ್ತಕಗಳು. ಜೂನಿಯರ್ ಬಹಳ ಚೆನ್ನಾಗಿ ವಾದಿಸಿದ. ನನ್ನ ಪಶ್ಚಾತ್ತಾಪ, ನನ್ನ ಒಳ್ಳೆಯ ನಡತೆ, ದೇವರ ವಿಗ್ರಹಗಳ ನಡುವೆ ನಾನು ಕಳೆದ ವರ್ಷಗಳು. ಕೇಳುತ್ತಾ ಕೇಳುತ್ತಾ ನನಗೇ ನನ್ನ ಮೇಲೆ ಭಕ್ತಿ ಬರುವ ಹಾಗಿತ್ತು. ಕಾಗದವನ್ನೂ ಕೊಟ್ಟ. ತಂಗಿಯೇ ಖುದ್ದಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಸಹಿ ತನ್ನದೇ ಎಂದು ಎದ್ದು ನಿಂತು ಹೇಳಿದಳು.

ಮೂವರಲ್ಲಿ ಹಿರಿಯರು ನನ್ನ ಕಡೆ ತಿರುಗಿದರು. “ನೀವೂ ಮೋಸಹೋದಿರಿ ಅಂತ ಆಗಲೂ ಹೇಳಿದ್ದಿರಿ, ಈಗಲೂ ಬರೆದಿದ್ದೀರಿ. ಅಷ್ಟೇ ತಾನೆ?”

ಹೂಂ ಅಂದಿದ್ದರೆ ಮುಗಿಯಿತು. ಅವರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. ನಾನು ಧೈರ್ಯವಂತೆಯಲ್ಲ, ಹೇಳಬೇಕೆಂದು ನಿರ್ಧಾರ ಮಾಡಿಕೊಂಡು ಬಂದವಳೂ ಅಲ್ಲ. ಬಾಯಿ ತಾನಾಗಿ ತೆರೆಯಿತು.

“ಅಲ್ಲ ಸಾರ್. ಸಹಿ ಹಾಕುವಾಗ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಅಲ್ಲೇ, ಜಡ್ಜ್ ಮುಂದೇನೇ ಗೊತ್ತಾಯಿತು.”

ಜೂನಿಯರ್ “ಮೇಡಂ” ಎಂದ, ಮೆಲ್ಲಗೆ. ನಾನು ನಿಲ್ಲಿಸಲಿಲ್ಲ. ಆ ಹೆಂಗಸು ಹೆಸರು ಹೇಳದೆ ನಿಂತದ್ದು, ನಮ್ಮಮ್ಮ ನೆನಪಾದದ್ದು, ಅವಳು ಯಾರೆಂದು ತಿಳಿದದ್ದು, ತಿಳಿದೂ ನಾನು ಮಾತಾಡಿದ್ದು, ಎಲ್ಲ ಹೇಳಿದೆ. “ಆರ್ಡರ್ ಶೀಟಿನಲ್ಲಿ ಅವಳು ಹೇಳಿದಳು ಅಂತಿದೆ. ಆಕೆ ಒಂದಕ್ಷರ ಆಡಲಿಲ್ಲ ಸಾರ್. ಅಣ್ಣ ಅಂದದ್ದು ನಾನು.” ಹನ್ನೊಂದು ವರ್ಷ ಕನಸಿನಲ್ಲಿ ಹೊರಡದ ಸ್ವರ ಹೊರಟಿತ್ತು. ಸ್ವಲ್ಪ ಒಡಕಾಗಿತ್ತು, ಅಷ್ಟೆ. ಹಿರಿಯರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಾನು ಹಿಂದಿರುಗಿ ನೋಡಿದರೆ ಬೆಂಚು ಖಾಲಿಯಿತ್ತು. ಆಕೆ ಎದ್ದು ಹೋಗಿದ್ದಳು.

ಹೊರಗೆ ಬಂದ ಮೇಲೆ ಜೂನಿಯರ್ ಮೆಟ್ಟಿಲ ಮೇಲೆ ಕೂತುಬಿಟ್ಟ. “ಯಾ ಅಲ್ಲಾ! ಮೇಡಂ, ಕೈಗೆ ಬಂದಿದ್ದನ್ನ ಬಿಸಾಕಿದ್ರಲ್ಲ!” ಎಂದ. ಆಮೇಲೆ ಇಬ್ಬರೂ ಹೋಟೆಲಿಗೆ ಹೋಗಿ ಇಡ್ಲಿ ತಿಂದೆವು. ನನಗೆ ಬಹಳ ಹಸಿವಾಗಿತ್ತು.

ಎರಡು ತಿಂಗಳಾದ ಮೇಲೆ ಅವನ ಫೋನು ಬಂತು. ಭಾವ ಒಂದು ಅಮ್ಮನವರ ವಿಗ್ರಹದ ಬೆರಳು ತಿದ್ದುತ್ತಿದ್ದರು. ಉಳಿ ನಿಲ್ಲಿಸಿ ನನ್ನ ಮುಖ ನೋಡಿದರು. “ಬಂತು ಮೇಡಂ! ಸೇರಿಸ್ಕೊಂಡಿದಾರೆ! ಓದ್ತೀನಿ ಕೇಳಿ,” ಎಂದು ಕಿರುಚಿದ. ತನಗೆ ಅನುಕೂಲವಾಗಿದ್ದ ಸುಳ್ಳನ್ನು ಯಾರ ಒತ್ತಾಯವೂ ಇಲ್ಲದೆ ಅರ್ಜಿದಾರಳು ತಾನೇ ಕೈಬಿಟ್ಟಿದ್ದಾಳೆ, ಇಂಥವಳು ಮರಳಿ ಬಂದರೆ ವೃತ್ತಿಗೆ ಕುಂದಿಲ್ಲ ಎಂದು ಬರೆದಿದ್ದರಂತೆ. ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತಳು. ನನಗೆ ಸಂತೋಷವಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಹುಚ್ಚು ಹಿಡಿಯುವಷ್ಟು ಸಂತೋಷವಾಯಿತು. ಮಾಲೂರಿಗೆ ಹೋಗಿ ಹೊಸ ಕೋಟಿಗೆ ಅಳತೆ ಕೊಟ್ಟು ಬಂದೆ.

ಕೋರ್ಟಿಗೆ ಹೋಗುವ ಮುಂಚೆ ಮುಳಬಾಗಿಲಿಗೆ ಹೋಗಬೇಕು ಅನ್ನಿಸಿತು. ಕ್ಷಮೆ ಕೇಳಬೇಕಿತ್ತು. ಬಯ್ಯಿಸಿಕೊಳ್ಳಲೂ ಸಿದ್ಧಳಾಗಿದ್ದೆ. ಒಳಗೊಳಗೆ ಇನ್ನೊಂದು ಆಸೆಯೂ ಇತ್ತು: ನನ್ನ ಮಾತಿನಿಂದ ಅತ್ತಿಗೆ, ನಾದಿನಿ ಒಂದಾಗಿರಬಹುದು, ಹೋದಾಗ ಇಬ್ಬರೂ ಒಟ್ಟಿಗೆ ಕೂತು ರವಿಕೆಗೆ ಗುಂಡಿ ಹಚ್ಚುತ್ತಿರಬಹುದು. ಬಸ್ಸಿನಲ್ಲಿ ಅದನ್ನೇ ಕಣ್ಣೆದುರು ತಂದುಕೊಂಡು ಹೋದೆ.

ಆಕೆ ಒಬ್ಬಳೇ ಮಿಷನ್ನಿನ ಮುಂದಿದ್ದಳು. ತಲೆಯೆತ್ತಿ ನೋಡಿ, ಕಾಲಿನಿಂದ ಒಂದು ಮಣೆ ನನ್ನ ಕಡೆ ತಳ್ಳಿದಳು. ನಾನು ಕೂತೆ.

“ಆವತ್ತು ಎದ್ದೋಗ್ಬಿಟ್ರಿ,” ಎಂದೆ.

“ಯಲ್ದೂರಿಗೆ ಹೋದೆ.”

“ಅತ್ತಿಗೆ ಏನಂದ್ರು?”

ಆಕೆ ಹೊಲಿಯುತ್ತಲೇ ಇದ್ದಳು. ಕೈಯಲ್ಲಿದ್ದ ರವಿಕೆಯ ತೋಳು ಮುಗಿಸಿದಳು. ದಾರ ಕಚ್ಚಿ ತುಂಡು ಮಾಡಿದಳು.

“ಅತ್ತಿಗೆ ಎಲ್ಲಿದಾಳೆ? ಹೋದ್ ವರ್ಷ ಯುಗಾದಿ ಮುಂದೆ ಹೋದ್ಲು. ಮೂರ್ ದಿನ ಜೀವ ಎಳೀತಂತೆ. ಹೇಳಿ ಕಳ್ಸಿದ್ರು. ನಾನು ಹೋಗ್ಲಿಲ್ಲ. ಮಣ್ಣಿಗೂ ಹೋಗ್ಲಿಲ್ಲ. ಆವತ್ತು ಹೋಗಿ ಅವಳ ಸಮಾಧಿ ಮುಂದೆ ಕೂತು ಬಂದೆ.”

ನಾನು ಏನೋ ಹೇಳಲು ಹೋದೆ. ಆಕೆ ಕೈ ಅಡ್ಡ ತಂದಳು.

“ನಿಮ್ ಕಾಗದ ಬಂತಂತೆ, ಒಳ್ಳೇದಾಯ್ತು. ಮನ್ಸಾರೆ ಹೇಳ್ತಿದೀನಿ, ಹೊಟ್ಟೆಕಿಚ್ಚಿಲ್ಲ. ಹೋಗಿ, ಕೆಲ್ಸ ಮಾಡಿ. ಆದ್ರೆ ಈ ಮಾತನ್ನ ಹೋದ್ ವರ್ಷ ಆಡಿದ್ರೆ, ನಾನು ಹೋಗಿ ಅವಳ ಬಾಯಿಗೆ ಒಂದ್ ಹನಿ ನೀರು ಬಿಡ್ತಿದ್ನಲ್ಲಮ್ಮ.”